ಚಿಗವ್ವ ಬಡಿದ ಗೋಡೆ

ನಮ್ಮ ಚಿಗವ್ವನಿಗೆ ಬಡಿಯುವ ಚಟ! ಗಾಬರಿಯಾಗಬೇಡಿ, ಮನುಷ್ಯರನ್ನಲ್ಲ. ಬಾಗಿಲು, ಕೊಡ, ಟ್ರಂಕು, ಗೋಡೆ, ಯಾವುದು ಸಿಕ್ಕರೂ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು, ಕಿವಿಗೊಟ್ಟು ಕೇಳಿ, "ಗಟ್ಟಿ ಐತಿ" ಅಥವಾ "ಪೊಳ್ಳು" ಎಂದು ತೀರ್ಪು ಕೊಡಲೇಬೇಕು. ಒಮ್ಮೆ ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ಕಲ್ಲಂಗಡಿಯವನ ಅಷ್ಟೂ ಹಣ್ಣು ಬಡಿದು, ಒಂದನ್ನೂ ಕೊಳ್ಳದೆ ಎದ್ದಳು.

"ಅಕ್ಕಾರ, ಹಣ್ಣು ತಗೊಳಾಕ ಬಂದೀರೋ, ತಬಲಾ ಕಲಿಯಾಕ ಬಂದೀರೋ?" ಎಂದ ಆತ.

ಚಿಗವ್ವ ನನ್ನ ಅವ್ವನ ತಂಗಿ. ಪುಣೆಯ ಪ್ರಯೋಗಾಲಯವೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಅವಳನ್ನು ನೋಡಲು ರಾಮದುರ್ಗದಿಂದ ವರನ ಕಡೆಯವರು ಬಂದಿದ್ದರು. ವರನ ತಂದೆ ಮನೆ ಕಟ್ಟಿಸುವ ಗುತ್ತಿಗೆದಾರರು.

"ಅಲ್ಲೆ ಏನ್ ಕೆಲಸ ಮಾಡತೀಯವಾ?"

"ಪ್ರೋಟೀನಿಗೆ ಮನಿ ಕಟ್ಟತೇನ್ರಿ."

"ಹೌದಾ! ಇಟ್ಟಂಗಿದೋ, ಕಲ್ಲಿಂದೋ?"

"ಅರ್ಧ ಕೊಬ್ಬಿಂದು, ಅರ್ಧ ಪ್ಲಾಸ್ಟಿಕ್ಕಿಂದರಿ."

ಉಪ್ಪಿಟ್ಟು ಮುಗಿಸಿ ಎದ್ದು ಹೋದವರು ರಾಮದುರ್ಗ ಮುಟ್ಟಿದ ಸುದ್ದಿ ಇಂದಿಗೂ ಬಂದಿಲ್ಲ!

ಆದರೆ ಅವಳು ಹೇಳಿದ್ದು ಖರೇ ಮಾತು. ಬೈಲಹೊಂಗಲದಲ್ಲಿ ಬಿ.ಎಸ್ಸಿ. ಓದುತ್ತಿದ್ದ ನನಗೆ ಅವಳೇ ತಿಳಿಸಿ ಹೇಳಿದ್ದಳು. ನಮ್ಮ ಮೈಯ ಪ್ರತಿ ಜೀವಕೋಶಕ್ಕೂ ಕೊಬ್ಬಿನದೊಂದು ತೆಳು ಪೊರೆ; ಅದರಲ್ಲಿ ನೆಟ್ಟ ಬಾಗಿಲುಗಳೇ ಈ ಪ್ರೋಟೀನುಗಳು. ಕಿತ್ತು ಹೊರಗಿಟ್ಟರೆ ಮುದುಡಿ ಕೆಡುತ್ತವೆ. ಬರೀ ಕೊಬ್ಬಿನ ಪುಟ್ಟ ಚೀಲ ಮಾಡಿ ಅದರಲ್ಲಿ ಕೂಡಿಸಿದರೆ ಸುಖವಾಗಿರುತ್ತವೆ, ಆದರೆ ಚೀಲ ಬೇಗ ಹರಿಯುತ್ತದೆ. ಬರೀ ಪ್ಲಾಸ್ಟಿಕ್ ಜಾತಿಯ ಪಾಲಿಮರಿನ ಚೀಲ ಗಟ್ಟಿ, ಆದರೆ ಅದರ ಬಿಗಿಗೆ ಬಾಗಿಲು ತೆರೆಯುವುದೇ ಕಷ್ಟ. ಎರಡನ್ನೂ ಹದವಾಗಿ ಬೆರೆಸಿದರೆ? ಅದೇ ಚಿಗವ್ವನ ಧ್ಯಾನ.

"ಹದ ತಪ್ಪಿದರ ಕೊಬ್ಬು ಒಂದ ಕಡೆ, ಪಾಲಿಮರ್ ಒಂದ ಕಡೆ ಗುಂಪು ಕೂಡತಾವ. ಆ ಸಂದಿನಾಗ ಬಿರಿತೈತಿ ನೋಡು," ಎನ್ನುತ್ತಿದ್ದಳು.

ಆ ಶ್ರಾವಣದ ರಜೆಗೆ ಬಂದಾಗ ಅಂಥ ಚೀಲಗಳಿದ್ದ ಪುಟ್ಟ ಶೀಶೆಗಳನ್ನು ಡಬ್ಬಿಯಲ್ಲಿಟ್ಟುಕೊಂಡು ತಂದಿದ್ದಳು. ಬೇಸಿಗೆಯಿಂದಲೂ ಅವು ಫ್ರಿಜ್ಜಿನ ಹೊರಗೇ ಇದ್ದವು. ಇಷ್ಟು ದಿನ ತಂಪಿಲ್ಲದೆ ಪ್ರೋಟೀನು ಬದುಕಿದ್ದರೆ ಅವಳ ಥೀಸಿಸ್ಸೂ ಬದುಕಿದಂತೆ.

"ಅಲ್ಲೇ ಬಿಟ್ಟು ಬರಬೇಕಿಲ್ಲೇನ?" ಎಂದಳು ಅವ್ವ.

"ಯಾರರೆ ಕರುಣಾ ಬಂದು ಫ್ರಿಜ್ಜಿನಾಗ ಇಟ್ಟುಬಿಡತಾರ!"

ಡಬ್ಬಿಯನ್ನು ಪಡಸಾಲೆಯ ಗೋಡೆಗೂಡಿನಲ್ಲಿಟ್ಟಳು. ಗೂಡಿನಲ್ಲಿಟ್ಟದ್ದೆಲ್ಲ ದೇವರೆಂದೇ ತಿಳಿದ ನಮ್ಮ ಅಜ್ಜಿ, ಎಲ್ಲಮ್ಮನ ಗುಡ್ಡದ ಅರಿಶಿನದ ಭಂಡಾರವನ್ನು ಒಂದು ಶೀಶೆಯ ಮುಚ್ಚಳಕ್ಕೆ ಹಚ್ಚಿಬಿಟ್ಟಳು. ಚಿಗವ್ವ ಸಿಟ್ಟಾಗಲಿಲ್ಲ. "ಹಚ್ಚು ಯವ್ವಾ. ಆದರ ಎಲ್ಲಾಕ್ಕೂ ಒಂದಸಮ ಹಚ್ಚು. ಇಲ್ಲಾಂದ್ರ ಪ್ರಯೋಗ ಕೆಡತೈತಿ!"

ಇನ್ನು ಆ ಗೋಡೆ. ನಮ್ಮ ಕಡೆ ಮಣ್ಣಿಗೆ ಹೊಟ್ಟು ಬೆರೆಸಿ, ಕೊಳೆಹಾಕಿ, ಕಾಲಿನಿಂದ ತುಳಿದು ಗೋಡೆ ಕಟ್ಟುತ್ತಿದ್ದರು. ಅಪ್ಪನಿಗೆ ಆ ಬೇಸಿಗೆಯಲ್ಲಿ ಪಕ್ಕಾ ಮನೆಯ ಹುಕಿ ಹತ್ತಿ, ಅದೇ ಮಣ್ಣಿನ ಗೋಡೆಗೆ ಸಿಮೆಂಟು ಬಳಿಸಿ, ಪಿಸ್ತಾ ಬಣ್ಣ ಹೊಡೆಸಿದ್ದ. ಓಣಿಯವರೆಲ್ಲ ಬಂದು ನೋಡಿ ಚಹಾ ಕುಡಿದು ಹೋಗಿದ್ದರು. ಚಿಗವ್ವ ಮಾತ್ರ ಬಂದ ದಿನವೇ ಬಡಿದು ನೋಡಿ, "ಪೊಳ್ಳು," ಎಂದಳು.

"ಏನ್ರಿ ಸೈಂಟಿಸ್ಟ್ ಬಾಯಾರ, ಒಂದ ನಂಬರ್ ಸಿಮೆಂಟ್ ಐತಿ ಅದು!"

"ಹೊಟ್ಟು ಮಣ್ಣಿನಾಗ ಬೆರೀತೈತಿ ಮಾಮಾ. ನಿಮ್ಮ ಸಿಮೆಂಟು ಬರೇ ಮ್ಯಾಲೆ ಕುಂತೈತಿ. ಒಳಗಿನ ಹಸಿ ಎಲ್ಲಿ ಹೋಗಬೇಕು?"

"ಬಡದ ಬಡದ ನೀನ ಬೀಳಸತಿ!" ಎಂದು ಅಪ್ಪ ನಕ್ಕ. ನಾನೂ ನಕ್ಕೆ. ಅದೇ ಗೋಡೆಗೆ ಒರಗಿ ಕುಳಿತು ನಕ್ಕೆ.

ಜಿಟಿಜಿಟಿ ಮಳೆ ವಾರಗಟ್ಟಲೆ ಹಿಡಿಯಿತು. ಅದು ನಿಂತು ಬಿಸಿಲು ಬಿದ್ದ ಮುಂಜಾನೆ ಚಿಗವ್ವ ಪುಣೆಗೆ ಹೊರಟಿದ್ದಳು. ನಾನು ಗೂಡಿನ ಕೆಳಗೆ ಕುಳಿತು ಶೇಂಗಾ ಸುಲಿಯುತ್ತಿದ್ದೆ. ಅವಳು ಡಬ್ಬಿಗಾಗಿ ಒಂದು ಕೈ ಚಾಚಿದಳು. ಇನ್ನೊಂದು ಕೈ ಚಟದಂತೆ ಗೋಡೆಯನ್ನು ಬಡಿಯಿತು. ಟಕ್ ಎನ್ನಲಿಲ್ಲ. ಒದ್ದೆ ಚೀಲ ಬಡಿದಂತೆ ಏನೋ ಸಪ್ಪಳ. ನನ್ನ ಹೆಗಲ ಮೇಲೆ ಚೂರು ಮಣ್ಣು ಉದುರಿತು. ಮರುಕ್ಷಣ ಎರಡೂ ಕೈಯಿಂದ ನನ್ನ ಜಡೆ, ರಟ್ಟೆ ಹಿಡಿದು ದರದರ ಎಳೆದಳು. ನಾನು "ಅಯ್ಯಯ್ಯ!" ಎಂದು ಬೈಯಲು ಬಾಯಿ ತೆರೆದೆ. ಬಾಯಿಯೊಳಗೆ ಧೂಳು ತುಂಬಿತು.

ಧೂಳು ಇಳಿದಾಗ ಗೋಡೆ ಇರಲಿಲ್ಲ. ಮಣ್ಣು ರಾಶಿಯಾಗಿ ಕುಸಿದಿತ್ತು. ಪಿಸ್ತಾ ಬಣ್ಣದ ಸಿಮೆಂಟು ಮಾತ್ರ ದೊಡ್ಡ ಹಪ್ಪಳದಂತೆ ಒಂದೇ ತುಂಡಾಗಿ, ನಾನು ಕುಳಿತಿದ್ದ ಜಾಗವನ್ನು ಮುಚ್ಚಿ ಮಲಗಿತ್ತು. ಡಬ್ಬಿ ಅದರಡಿ ಎಲ್ಲೋ.

ಚಿಗವ್ವ ಬರಿಗೈಯಲ್ಲಿ ಪುಣೆಗೆ ಹೋಗಿ ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದಳು. ಪದವಿಯೂ ಬಂತು, ತಡವಾಗಿ. ನಾನು ಮಾತ್ರ ಇಂದಿಗೂ ಗೋಡೆಗೆ ಒರಗಿ ಕೂರಲಾರೆ. ಕಣ್ಣು ಮುಚ್ಚಿದರೆ ಆ ಕೈ ಮತ್ತೆ ಗೂಡಿನತ್ತ ಚಾಚುತ್ತದೆ. ಈ ಸಲ ಡಬ್ಬಿ ಹಿಡಿದುಬಿಟ್ಟರೆ? ಎಂದು ಪ್ರತಿ ಸಲವೂ ಹೆದರುತ್ತೇನೆ.

ಅಂದು ಅಂಗಳದಲ್ಲಿ ಕುಳಿತು, "ಚಿಗವ್ವಾ, ನಿನ್ನ ಶೀಶೆ..." ಎಂದೆ. ಅವಳು ನನ್ನ ಹಿಂದೆ ಕುಳಿತು ಬೆನ್ನ ಮೇಲೆ ಗೆಣ್ಣಿನಿಂದ ಮೆಲ್ಲಗೆ ಬಡಿದಳು. ಮನುಷ್ಯರನ್ನು ಬಡಿದದ್ದು ಅದೊಂದೇ ಸಲ. ಆಮೇಲೆ ಕಿವಿ ಹಚ್ಚಿದಳು.

"ಏನ ಕೇಳಾಕತ್ತೀಯವಾ?" ಎಂದ ಅಪ್ಪ.

"ಸುಮ್ಮನಿರ್ರಿ ಮಾಮಾ."

ಬಹಳ ಹೊತ್ತು ಕೇಳಿದಳು. "ಗಟ್ಟಿ ಅದಾಳ," ಎಂದು ಕಡೆಗೊಮ್ಮೆ ತೀರ್ಪು ಕೊಟ್ಟು ತಲೆ ಎತ್ತಿದಾಗ, ನನ್ನ ಬೆನ್ನು ತೊಯ್ದಿತ್ತು.