ನಿಂಬೆಹಣ್ಣಿಗೆ ಹೆದರಿದ ಗರಗಸ

ಏಳು ಮೆಟ್ಟಿಲು ಮಾಡುವುದು ಎಷ್ಟು ಹೊತ್ತಿನ ಕೆಲಸ? ಮೈಸೂರಿನವನಾಗಿ, ಇಂಜಿನಿಯರಾಗಿ, ಗ್ಯಾರೇಜು ಉಳ್ಳ ಗೃಹಸ್ಥನಾಗಿ ನಾನು ಹಾಕಿದ ಲೆಕ್ಕ ಒಂದು ಶನಿವಾರ.

ಕಡಲಾಚೆಯ ಎರಿನ್ ಮಿಲ್ಸ್‌ನ ನಮ್ಮ ಮನೆಯಲ್ಲಿ ನನ್ನ ಹೆಂಡತಿ ಸುಮಾ ಪ್ರತಿ ನವರಾತ್ರಿಗೂ ಗೊಂಬೆ ಕೂರಿಸುತ್ತಾಳೆ. ಮೆಟ್ಟಿಲೆಂದರೆ ರಟ್ಟಿನ ಡಬ್ಬಗಳು, ಮೇಲೊಂದು ಸೀರೆ. ಹೋದ ವರ್ಷ ಬಂದವರ ಎದುರಿಗೇ ಡಬ್ಬ ಕುಸಿದು ಪಟ್ಟದ ರಾಜನ ಕತ್ತು ಮುರಿಯಿತು. ಅವಳ ಅಜ್ಜಿ ಕೊಟ್ಟ ಗೊಂಬೆ ಅದು. ಸುಮಾ ಅತ್ತುಬಿಟ್ಟಳು. ನನಗೆ ತಡೆಯಲಾಗಲಿಲ್ಲ; ಬರುವ ವರ್ಷ ಮರದ ಮೆಟ್ಟಿಲು ನಾನೇ ಮಾಡುತ್ತೇನೆ ಎಂದು ಎಲ್ಲರ ಮುಂದೆ ಘೋಷಿಸಿದೆ. ಸಂಜೆಯೊಳಗೆ ಅದು ಕನ್ನಡ ವಾಟ್ಸಾಪ್ ಗುಂಪಿನಲ್ಲಿತ್ತು.

ಮೆಟ್ಟಿಲಿಗೆ ಹಲಗೆ ಕೊಯ್ಯಬೇಕು, ಕೊಯ್ಯಲು ಟೇಬಲ್ ಸಾ ಬೇಕು. ಅಂದರೆ ಕಾಲು ಮಡಚಿ, ಗಾಲಿಯ ಮೇಲೆ ಎಲ್ಲಿಗಾದರೂ ಒಯ್ಯಬಹುದಾದ ಮೇಜು, ನಡುವೆ ಗರ್ರನೆ ತಿರುಗುವ ಗರಗಸದ ಚಕ್ರ. ಇಂಥವು ಮೂರು ನನ್ನ ಅಂತಿಮ ಪಟ್ಟಿಗೆ ಬಂದವು. ಮೊದಲನೆಯದು ಹಗುರ, ಆದರೆ ಗಡಗಡ ನಡುಗುತ್ತದೆ. ಎರಡನೆಯದು ನಡುಗುವುದಿಲ್ಲ, ಆದರೆ ಎತ್ತಿದವನು ನಡುಗುತ್ತಾನೆ. ಮೂರನೆಯದಕ್ಕೆ ಬೆರಳು ತಗುಲಿದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ತಾನೇ ನಿಂತುಬಿಡುತ್ತದೆ. ಇಷ್ಟು ತಿಳಿಯಲು ನನಗೆ ಐದು ವಾರ ಹಿಡಿಯಿತು. ತಪ್ಪು ನನ್ನದಲ್ಲ. ಜನ ಬರೆಯುವ ರಿವ್ಯೂಗಳು ಹಾಗಿವೆ. ಒಬ್ಬ ಮಹಾನುಭಾವ ಐದು ನಕ್ಷತ್ರ ಕೊಟ್ಟು, 'ಇನ್ನೂ ಡಬ್ಬ ತೆರೆದಿಲ್ಲ' ಎಂದು ಬರೆದಿದ್ದ. ಇಂಥವರಿಗೆ ಹೇಳುವವರು ಕೇಳುವವರು ಯಾರೂ ಇಲ್ಲವೇ?

ಪಕ್ಕದ ಮನೆಯ ಈರಣ್ಣ ಬೆಳಗಾವಿ ಕಡೆಯವರು. ಬ್ರ್ಯಾಂಪ್ಟನ್‌ನಲ್ಲಿ ಟ್ರಕ್ಕು ಓಡಿಸುತ್ತಾರೆ, ಅವರಪ್ಪ ಬಡಿಗರಾಗಿದ್ದರಂತೆ. ನನ್ನ ಪಟ್ಟಿ ತೋರಿಸಿ, ಮೂರರಲ್ಲಿ ಯಾವುದು ಉತ್ತಮವೆಂದು ಕೇಳಿದೆ.

"ಮೂರೂ ಚಲೋ ಅದಾವ್ರಿ ಸರ" ಎಂದರು.

ಇದೂ ಒಂದು ಉತ್ತರವೇ? ನನಗೆ ಮೈಯೆಲ್ಲ ಉರಿಯಿತು.

ಕೊನೆಗೆ ಸುಮಾ ತೀರ್ಪು ಕೊಟ್ಟಳು. "ಯಾವ್ದಾದ್ರೂ ತಗೊಳ್ಳಿ ರೀ, ಬೆರಳೆಲ್ಲ ನೆಟ್ಟಗಿರ್ಬೇಕು ಅಷ್ಟೇ. ಹಬ್ಬಕ್ಕೆ ಇನ್ನು ನಾಲ್ಕೇ ದಿನ ಇರೋದು."

ಮೂರನೆಯದು ಬಂತು. ಹೊಸ ಯಂತ್ರವೆಂದ ಮೇಲೆ ಪೂಜೆಯಾಗಬೇಡವೇ? ಹಲಗೆ ಆಮೇಲೆ ತಂದರಾಯಿತೆಂದು ಅಳತೆ ಚೀಟಿ ಜೇಬಿಗಿಟ್ಟೆ. ಗ್ಯಾರೇಜಿನಲ್ಲಿ ಕುಂಕುಮ, ಹೂವು, ಊದುಬತ್ತಿ ಎಲ್ಲ ಸಾಂಗವಾಗಿ ನಡೆಯಿತು. ಈರಣ್ಣನೂ ಬಂದು ಕೈಮುಗಿದರು. ಸುಮಾ ನಿಂಬೆಹಣ್ಣು ಕೊಟ್ಟು, "ಸ್ಟ್ಯಾಂಡಿನ ವೀಲ್ ಕೆಳಗಿಡಿ, ಕಾರಿಗೆ ಇಟ್ವಲ್ಲ ಹಾಗೆ" ಎಂದಳು.

ಇಲ್ಲಿ ನನ್ನ ಬುದ್ಧಿ ಕೆಲಸ ಮಾಡಿತು. "ಕಾರಲ್ಲಿ ಓಡೋದು ಚಕ್ರ, ಚಕ್ರಕ್ಕೆ ಇಟ್ವಿ. ಇದ್ರಲ್ಲಿ ಓಡೋದು ಗರಗಸ. ಶಾಸ್ತ್ರ ಅಂದ್ಮೇಲೆ ಅರ್ಥ ಮಾಡ್ಕೊಂಡು ಮಾಡ್ಬೇಕು" ಎಂದೆ.

ಯಂತ್ರ ಚಾಲೂ ಮಾಡಿ, ಒಂದು ಕೋಲಿನಿಂದ ನಿಂಬೆಹಣ್ಣನ್ನು ಭಕ್ತಿಯಿಂದ ಮುಂದಕ್ಕೆ ತಳ್ಳಿದೆ.

ಢಮಾರ್!

ಹೊಗೆ, ಸುಟ್ಟ ವಾಸನೆ. ಗರಗಸ ಮೇಜಿನೊಳಗೆ ಮಾಯವಾಗಿತ್ತು. ಬಗ್ಗಿ ನೋಡಿದರೆ ಒಂದು ಲೋಹದ ತುಂಡು ಅದರ ಹಲ್ಲುಗಳಿಗೆ ಕಚ್ಚಿಕೊಂಡಿತ್ತು. ನಿಂಬೆಹಣ್ಣಿಗೆ ಒಂದು ಗೀರು ಬಿದ್ದಿತ್ತು, ಅಷ್ಟೇ.

"ಮಷಿನ್‌ದು ಏನೂ ತಪ್ಪಿಲ್ರಿ ಸರ" ಎಂದರು ಈರಣ್ಣ. "ಹಸೀದು ತಾಕಿತು, ಬೆರಳ ಅಂತ ತಿಳೀತು."

ನಿಂಬೆಹಣ್ಣಿಗೂ ಇಂಜಿನಿಯರಿಗೂ ವ್ಯತ್ಯಾಸ ತಿಳಿಯದ ಯಂತ್ರವನ್ನು ಸುಮ್ಮನೆ ಬಿಡುವುದುಂಟೇ? ಅದನ್ನು ಈರಣ್ಣನ ವ್ಯಾನಿಗೆ ಹೇರಿ, ಅವರನ್ನೂ ಕರೆದುಕೊಂಡು ಅಂಗಡಿಗೆ ಹೊರಟೆ. ಕೌಂಟರಿನ ಹುಡುಗಿ ಏನು ಕೊಯ್ಯುತ್ತಿದ್ದಿರಿ ಎಂದು ಕೇಳಿದಳು. ನಿಂಬೆಹಣ್ಣು ಎಂದೆ. ಅವಳು ಟೈಪ್ ಮಾಡುವುದನ್ನು ನಿಲ್ಲಿಸಿದಳು. ನಮ್ಮಲ್ಲಿ ಹೊಸ ಯಂತ್ರಕ್ಕೆ ನಿಂಬೆಹಣ್ಣು ಕೊಡುವ ಪದ್ಧತಿಯಿದೆ ಎಂದು ಗಂಭೀರವಾಗಿ ವಿವರಿಸಿದೆ. ಅಷ್ಟರಲ್ಲಿ ಒಳಗಿನಿಂದ ಇನ್ನಿಬ್ಬರು ಕೇಳಿಸಿಕೊಳ್ಳಲು ಬಂದರು. ವಾರಂಟಿ ನಿಂಬೆಹಣ್ಣಿಗೆ ಅನ್ವಯಿಸುವುದಿಲ್ಲವಂತೆ. ಹೊಸ ಭಾಗ ಬರಲು ಎರಡು ವಾರವಂತೆ. ನವರಾತ್ರಿಗೆ ಉಳಿದಿದ್ದು ಎರಡು ದಿನ.

ಸುಮಾಳಿಗೆ ಯಾವ ಮುಖ ತೋರಿಸಲಿ ಎಂದು ನಿಂತಿದ್ದೆ. ಈರಣ್ಣ ನನ್ನ ಜೇಬಿನಿಂದ ಚೀಟಿ ತೆಗೆದುಕೊಂಡು ಅಂಗಡಿಯ ಹಿಂಬದಿಗೆ ನಡೆದರು. ಅಲ್ಲಿ ಗೋಡೆಯಷ್ಟು ದೊಡ್ಡ ಗರಗಸವಿತ್ತು. ಕೆಲಸದವನು ಹಲಗೆ ತೆಗೆದು, ಚೀಟಿ ನೋಡಿ, ಇಪ್ಪತ್ತು ನಿಮಿಷದಲ್ಲಿ ಎಲ್ಲವನ್ನೂ ಕೊಯ್ದು ಕಟ್ಟಿ ಕೊಟ್ಟ. ಕೊಯ್ದಿದ್ದಕ್ಕೆ ದುಡ್ಡಿಲ್ಲ.

"ಇದನ್ನ ಮೊದಲೇ ಯಾಕ್ರೀ ಹೇಳಲಿಲ್ಲ?" ಎಂದು ರೇಗಿದೆ.

"ಯಾವ ಮಷಿನ್ ಚಲೋ ಅಂತ ಕೇಳಿದ್ರಿ, ಹೇಳಿದೆ. ಹಲಗಿ ಕೊಯ್ಯೂದು ಹ್ಯಾಂಗ ಅಂತ ನೀವು ಕೇಳಲೇ ಇಲ್ಲಲ್ರೀ."

ಮೊಳೆ ಹೊಡೆದಿದ್ದೂ ಅವರೇ. ನಾನು ಹಲಗೆ ಹಿಡಿದುಕೊಂಡಿದ್ದೆ.

ಹಬ್ಬದ ಮೊದಲ ದಿನ ಏಳು ಮೆಟ್ಟಿಲೂ ಬಂಡೆಯಂತೆ ನಿಂತಿದ್ದವು. ರಾಜನೂ ಕತ್ತಿಗೆ ಅಂಟು ಹಚ್ಚಿಸಿಕೊಂಡು ಮೇಲೆ ನಿಂತಿದ್ದ. ಸುಮಾಳ ಮುಖ ನೋಡಿ ನನಗೆ ನಿಜಕ್ಕೂ ಹೊಟ್ಟೆ ತುಂಬಿತು. ಆಗ ಮಾರ್ಕಮ್‌ನಿಂದ ಬಂದಿದ್ದ ಅತಿಥಿಯೊಬ್ಬರು ನನ್ನ ಪಕ್ಕ ಬಂದು ನಿಂತರು.

"ನೀವೇ ಮಾಡಿದ್ದಂತೆ ಸರ್. ನಾನೂ ಒಂದು ಟೇಬಲ್ ಸಾ ತಗೋಬೇಕು ಅಂತಿದೀನಿ. ಯಾವ್ದು ಒಳ್ಳೇದು?"

ಉಸಲಿ ಬಡಿಸುತ್ತಿದ್ದ ಸುಮಾ ಸೌಟು ಹಿಡಿದು ನನ್ನನ್ನೇ ನೋಡಿದಳು. ನಿಜ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗದೆಂದು ನನಗೂ ಗೊತ್ತಿತ್ತು.

"ಕೂತ್ಕೊಳಿ" ಎಂದೆ. "ಮೂರಿವೆ."

ಇಂದಿನವರೆಗೆ ಒಂದು ಕಡ್ಡಿಯನ್ನೂ ಕೊಯ್ಯದ ನಾನು ಮುಕ್ಕಾಲು ಗಂಟೆ ಮಾತಾಡಿದೆ. ಅವರು ಬರೆದುಕೊಂಡರು.