ಗೆದ್ದಲು ಲೇಖನದ ಹನ್ನೊಂದನೆಯ ಪುಟ ಮತ್ತು ಬೈಂಡರ್ ಅವರ ನಿವೃತ್ತಿ

ವಿಶ್ವವಿದ್ಯಾಲಯ ಗ್ರಂಥಾಲಯ
ಬಾಯಿಪಾಠ ವಿಭಾಗ (ಹಿಂದಿನ ಇ-ನಿಯತಕಾಲಿಕೆ ವಿಭಾಗ)

ಸಂಖ್ಯೆ: ವಿಗ್ರಂ/ಬಾಪಾ/ಗೆದ್ದಲು/11/ಭಾಗ-2
ದಿನಾಂಕ: ಇದೇ ತಿಂಗಳ 28

ಸುತ್ತೋಲೆ

ವಿಷಯ: ಚಂದಾ ನಿಲ್ಲಿಸಲಾದ ಇ-ನಿಯತಕಾಲಿಕೆಗಳನ್ನು ಸಿಬ್ಬಂದಿಯ ಬಾಯಿಂದ ಕೇಳಿ ಪಡೆಯುವ ಬಗ್ಗೆ.

ಉಲ್ಲೇಖ: (1) ಪ್ರಕಾಶಕರ ಪತ್ರ (ದರ ಏರಿಕೆ, ಈ ವರ್ಷದ ಮೂರನೆಯದು)
(2) ಗೆದ್ದಲು ಸಂಶೋಧನಾರ್ಥಿಯ ಮನವಿ (ಹದಿನಾಲ್ಕನೆಯದು)
(3) ಬೈಂಡರ್ ಅವರ ಮನೆಯವರ ದೂರು

ಇ-ನಿಯತಕಾಲಿಕೆಗಳ ಚಂದಾ ಕೈಗೆಟುಕದಷ್ಟು ಏರಿರುವುದರಿಂದಲೂ, ಚಂದಾ ನಿಂತ ಕ್ಷಣದಿಂದ ಹಳೆಯ ಸಂಚಿಕೆಗಳೂ ಪರದೆಯಿಂದ ಮಾಯವಾಗುವವೆಂದು ಉಲ್ಲೇಖ (1)ರಲ್ಲಿ ತಿಳಿಸಿರುವುದರಿಂದಲೂ, ಕೊನೆಯ ಹದಿನೈದು ದಿನಗಳಲ್ಲಿ ಸಿಬ್ಬಂದಿಗೆ ತಲೆಗೊಂದು ಲೇಖನದಂತೆ ಹಂಚಿ ಬಾಯಿಪಾಠ ಮಾಡಿಸಲಾಗಿತ್ತು. ಮುದ್ರಿಸುವುದನ್ನೂ ನಕಲು ಬರೆದಿಡುವುದನ್ನೂ ಒಪ್ಪಂದವು ನಿಷೇಧಿಸಿರುತ್ತದೆ. ತಲೆಯ ವಿಷಯದಲ್ಲಿ ಒಪ್ಪಂದವು ಮೌನವಾಗಿರುತ್ತದೆ. ಯೋಜನೆಯು ಒಟ್ಟಾರೆ ಯಶಸ್ವಿಯಾಗಿದ್ದು, ಕೆಳಕಂಡ ನಿಯಮಗಳನ್ನು ತಪ್ಪದೆ ಪಾಲಿಸಲು ಈ ಮೂಲಕ ಸೂಚಿಸಲಾಗಿದೆ.

1. ಓದುಗರು (ಇನ್ನು ಮುಂದೆ 'ಕೇಳುಗರು') ನಮೂನೆ ಕೇ-1 ಭರ್ತಿ ಮಾಡಿ, ಸಂಬಂಧಪಟ್ಟ ನೌಕರರ ಎದುರಿನ ಸ್ಟೂಲಿನ ಮೇಲೆ ಕೂರತಕ್ಕದ್ದು. ನೌಕರರನ್ನು ಅರ್ಥ ಕೇಳತಕ್ಕದ್ದಲ್ಲ. ರಸಾಯನಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಅರ್ಥ ಕೇಳಿದಾಗ ಗೇಟಿನ ಕಾವಲುಗಾರರು "ಸಾರ್, ಅರ್ಥ ಆಗಿದ್ರೆ ನಾನ್ಯಾಕೆ ಗೇಟಲ್ಲಿ ಕೂತಿರ್ತಿದ್ದೆ" ಎಂದಿರುತ್ತಾರೆ. ಸದರಿ ಉತ್ತರವು ಕ್ರಮಬದ್ಧವಾಗಿರುತ್ತದೆ.

2. ಒಬ್ಬ ಕೇಳುಗರಿಗೆ ಒಂದು ವೇಳೆಗೆ ಒಬ್ಬ ನೌಕರರನ್ನು ಮಾತ್ರ ಎರವಲು ನೀಡಲಾಗುವುದು. ನೌಕರರನ್ನು ಕ್ಯಾಂಟೀನಿನಿಂದಾಚೆ ಒಯ್ಯುವಂತಿಲ್ಲ. ಗಂಟಲು ಕಟ್ಟಿದ ನೌಕರರನ್ನು ಪಟ್ಟಿಯಲ್ಲಿ 'ಬೈಂಡಿಂಗ್‌ಗೆ ಕಳುಹಿಸಲಾಗಿದೆ' ಎಂದು ತೋರಿಸತಕ್ಕದ್ದು.

3. ರೇಖಾಚಿತ್ರಗಳನ್ನು ಕೈಯಾಡಿಸಿ ತೋರಿಸತಕ್ಕದ್ದು. ಚಂದಾ ಏರಿಕೆಯ ರೇಖಾಚಿತ್ರಕ್ಕೆ ಮಾತ್ರ ಕಪಾಟಿನ ಏಣಿಯನ್ನು ಬಳಸಲು ಅನುಮತಿ ನೀಡಲಾಗಿದೆ.

4. ಗೆದ್ದಲುಗಳ ಆಹಾರಕ್ರಮವನ್ನು ಕುರಿತ ಲೇಖನವು ಬೈಂಡರ್ ಅವರ ಬಳಿ ಇರುತ್ತದೆ. ಅದರ ಮುದ್ರಿತ ಸಂಪುಟವನ್ನು ಗೆದ್ದಲುಗಳೇ ಸದಸ್ಯತ್ವ ಪಡೆಯದೆ ಬಳಸಿಕೊಂಡಿರುತ್ತವೆ. ಬೈಂಡರ್ ಅವರು ಲೇಖನವನ್ನು ಮಗ್ಗಿಯಂತೆ ಮೊದಲಿನಿಂದಲೇ ಹೇಳಬಲ್ಲರು. ನಡುವೆ ತಡೆದರೆ ಮತ್ತೆ ಪುಟ ಒಂದು. ಹತ್ತು ಪುಟಗಳಿಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಈ ಕಚೇರಿಯಲ್ಲಿ ಒಂದೂವರೆ ಗಂಟೆಗೊಮ್ಮೆ ಚಹಾದ ಗಂಟೆ ಬಾರಿಸಲಾಗುತ್ತದೆ. ಗಂಟೆ ಬಾರಿಸಿದ ಮೇಲೆ ನೌಕರರು ಬಾಯಿ ತೆರೆಯುವುದು ಚಹಾಕ್ಕೆ ಮಾತ್ರ ಎಂಬುದು ನೌಕರರ ಸಂಘದೊಂದಿಗಿನ ಒಡಂಬಡಿಕೆ. ಆದ್ದರಿಂದ ಹನ್ನೊಂದನೆಯ ಪುಟವನ್ನು ಈವರೆಗೆ ಯಾರೂ ಕೇಳಿರುವುದಿಲ್ಲ.

5. ಸಂಶೋಧನಾರ್ಥಿಗೆ ಬೇಕಾಗಿರುವುದು ಹನ್ನೊಂದನೆಯ ಪುಟದ ಕೋಷ್ಟಕ ಒಂದೇ. ಮೊದಲ ಹತ್ತು ಪುಟಗಳನ್ನು ಹದಿನಾಲ್ಕು ಬಾರಿ ಕೇಳಿರುವ ಅವರು, "ಅಣ್ಣ, ಹತ್ತು ಪುಟ ನಾನೇ ಹೇಳ್ಬಿಡ್ತೀನಿ, ನೀವು ಹನ್ನೊಂದರಿಂದ ಶುರು ಮಾಡಿ" ಎಂದು ಕೋರಿರುತ್ತಾರೆ. ಬೈಂಡರ್ ಅವರು "ಇಲ್ಲ ತಂಗಿ, ಓಡೋ ಬಸ್ಸು ಹತ್ತೋ ವಯಸ್ಸಲ್ಲ ನಂದು, ಸ್ಟ್ಯಾಂಡಲ್ಲೇ ಹತ್ಬೇಕು" ಎಂದು ತಿಳಿಸಿರುತ್ತಾರೆ. ಕೋರಿಕೆಯನ್ನು ಮುಕ್ತಾಯಗೊಳಿಸಲಾಗಿದೆ.

6. ಸಂಶೋಧನಾರ್ಥಿಯ ತಲೆಯಲ್ಲಿ ಉಳಿದಿರುವ ಹತ್ತು ಪುಟಗಳು ಗ್ರಂಥಾಲಯದ ಸ್ವತ್ತು. ಮಹಾಪ್ರಬಂಧ ಸಲ್ಲಿಸಿದ ಏಳು ದಿನಗಳೊಳಗೆ ಅವನ್ನು ಮರೆಯತಕ್ಕದ್ದು. ಬಹುತೇಕ ಸಂಶೋಧಕರು ಈ ನಿಯಮವನ್ನು ಯಾರೂ ಹೇಳದೆಯೇ ಪಾಲಿಸಿಕೊಂಡು ಬಂದಿರುವುದು ಶ್ಲಾಘನೀಯ.

7. ಬೈಂಡರ್ ಅವರು ಇದೇ 31ರಂದು ನಿವೃತ್ತರಾಗುತ್ತಿದ್ದು, ಹನ್ನೊಂದನೆಯ ಪುಟವೂ ಅವರೊಂದಿಗೆ ನಿವೃತ್ತವಾಗುವುದು. ಮಹಾಪ್ರಬಂಧ ಸಲ್ಲಿಕೆಗೂ ಅದೇ ದಿನ ಸಂಜೆ ನಾಲ್ಕು ಗಂಟೆಯೇ ಕೊನೆ. ಕೋಷ್ಟಕವಿಲ್ಲದ ಪ್ರಬಂಧವನ್ನು ಸ್ವೀಕರಿಸಲಾಗದೆಂದೂ, ತಪ್ಪಿದಲ್ಲಿ ಐದು ವರ್ಷಗಳ ನೋಂದಣಿಯೇ ರದ್ದಾಗುವುದೆಂದೂ ಪರೀಕ್ಷಾ ವಿಭಾಗ ತಿಳಿಸಿದೆ. ಮಾನವೀಯ ದೃಷ್ಟಿಯಿಂದ, ಅಂದು ಮೂರು ಗಂಟೆಯ ಬೀಳ್ಕೊಡುಗೆ ಸಮಾರಂಭದಲ್ಲಿ ಮುಖ್ಯ ಅತಿಥಿಗಳ ಭಾಷಣದ ಬದಲು ಬೈಂಡರ್ ಅವರು ಪುಟ ಒಂದರಿಂದ ಲೇಖನ ಹೇಳಲು ವ್ಯವಸ್ಥೆ ಮಾಡಲಾಗಿದೆ. ಚಹಾದ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತತಕ್ಕದ್ದು. ಹನ್ನೊಂದನೆಯ ಪುಟವು ನಾಲ್ಕೂವರೆಗೆ ಬರಲಿದ್ದು, ಈ ಅರ್ಧ ಗಂಟೆಯ ಅಂತರವನ್ನು ಸಂಶೋಧನಾರ್ಥಿಯು ಬಿರುಸಾಗಿ ನಡೆದು ಸರಿದೂಗಿಸಿಕೊಳ್ಳತಕ್ಕದ್ದು.

8. ಬೈಂಡರ್ ಅವರ ಮನೆಯವರು ಉಲ್ಲೇಖ (3)ರಲ್ಲಿ, "ಭಾನುವಾರ ಮಧ್ಯಾಹ್ನ ಕಣ್ಣು ಮುಚ್ಚಿದ್ರೆ ಸಾಕು, ಪುಟ ಹನ್ನೊಂದು ಅಂತ ಶುರು ಮಾಡ್ತಾರೆ. ಆಫೀಸಲ್ಲಿ ನುಂಗ್ಕೊಂಡಿದ್ದೆಲ್ಲ ನಿದ್ದೆಲಿ ಕಕ್ತಾರೆ. ಏನು ಒದರ್ತಾರೆ ಅಂತ ಒಂದಕ್ಷರ ಬಿಡ್ದೆ ಬರ್ದು ಕಳ್ಸಿದೀನಿ, ನೀವೇ ನೋಡಿ" ಎಂದು ದೂರಿರುತ್ತಾರೆ. ನಿದ್ದೆಯು ಕರ್ತವ್ಯದ ಅವಧಿಯಾಚೆ, ಸ್ವಂತ ಮನೆಯಲ್ಲಿ ನಡೆದಿರುವುದರಿಂದ ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಲಗತ್ತಿಸಿದ್ದ ಹಾಳೆಯಲ್ಲಿ ಬರೀ ಅಂಕಿಗಳಿದ್ದು, ಕಡತ ಸಂಖ್ಯೆ ಇಲ್ಲದ ಕಾರಣ ಅದನ್ನು ಅನುಪಯುಕ್ತವೆಂದು ಪರಿಗಣಿಸಿ ಒಂದು ಬದಿ ಖಾಲಿ ಇರುವ ಕಾಗದಗಳ ಕಟ್ಟಿಗೆ ಸೇರಿಸಲಾಗಿದೆ.

9. ಮಿತವ್ಯಯದ ಸಲುವಾಗಿ ಈ ಸುತ್ತೋಲೆಯ ಪ್ರತಿಗಳನ್ನು ಸದರಿ ಕಟ್ಟಿನ ಖಾಲಿ ಬದಿಯಲ್ಲೇ ಮುದ್ರಿಸತಕ್ಕದ್ದು.

ಸಹಿ/-
ಗ್ರಂಥಪಾಲಕರ ಪರವಾಗಿ
(ಗ್ರಂಥಪಾಲಕರು ಸದ್ಯ ತಮ್ಮ ಲೇಖನದ ನಲವತ್ತನೆಯ ಪುಟದಲ್ಲಿರುವುದರಿಂದ)

ಪ್ರತಿಗಳು:
1. ಪ್ರಕಾಶಕರಿಗೆ: ಕಳುಹಿಸಿರುವುದಿಲ್ಲ.
2. ಚಹಾದ ಗಂಟೆ ಬಾರಿಸುವವರಿಗೆ: ಬಟ್ಟೆಯೊಂದಿಗೆ.
3. ಗೆದ್ದಲುಗಳಿಗೆ: ಮುದ್ರಿತ ಸಂಪುಟಗಳ ಕಪಾಟಿನ ಮೂಲಕ.
4. ಬೈಂಡರ್ ಅವರ ಮನೆಯವರಿಗೆ: ದೂರು ವಿಲೇವಾರಿಯಾಗಿದೆ ಎಂಬ ಮಾಹಿತಿಗಾಗಿ.
5. ಗೆದ್ದಲು ಸಂಶೋಧನಾರ್ಥಿಗೆ: ಅಗತ್ಯ ಕ್ರಮಕ್ಕಾಗಿ. (ಈ ಪ್ರತಿಯನ್ನು ನಿಯಮ 8ರ ಅಂಕಿಗಳ ಹಾಳೆಯ ಖಾಲಿ ಬದಿಯಲ್ಲಿ ಮುದ್ರಿಸಲಾಗಿದೆ. ಹಿಂಬದಿಯನ್ನು ಓದತಕ್ಕದ್ದಲ್ಲ.)