ರೈಗಳ ಗದ್ದೆಗೆ ನಾನು ಬಣ್ಣ ಹಚ್ಚಿದ್ದು

ಒಬ್ಬ ಮನುಷ್ಯ ಚಿತ್ರಕಾರನಾಗಲು ಏನೇನು ಬೇಕೋ ಅದೆಲ್ಲವೂ ನನ್ನಲ್ಲಿತ್ತು. ಉದ್ದ ಕೂದಲಿತ್ತು. ಮಾತಿನ ನಡುವೆ ಸುಮ್ಮನೆ ದೂರ ನೋಡುವ ಅಭ್ಯಾಸವಿತ್ತು. ಮಂಗಳೂರಿನಿಂದ ತರಿಸಿದ ಬಣ್ಣದ ಪೆಟ್ಟಿಗೆಯೂ ಇತ್ತು. ಇಲ್ಲದಿದ್ದದ್ದು ಒಂದೇ ಒಂದು. ಅದು ಯಾವುದೆಂದು ಹೇಳಲು ನನ್ನ ಹೆಂಡತಿ ದೇವಕಿ ಯಾವಾಗಲೂ ಸಿದ್ಧಳಾಗಿರುತ್ತಿದ್ದಳು.

ಆಗ ನಮ್ಮದು ಮದ್ರಾಸು ಸರಕಾರ. ಕಾರಡ್ಕದ ಹತ್ತಿರದ ಒಂದು ಶಾಲೆಯಲ್ಲಿ ನಾನು ಡ್ರಾಯಿಂಗ್ ಮಾಷ್ಟ್ರು. ಶಾಲೆಯ ಡ್ರಾಯಿಂಗ್ ಎಂದರೆ ಮೇಜಿನ ಮೇಲೆ ಒಂದು ಚೆಂಬು, ಅದರ ಪಕ್ಕದಲ್ಲಿ ಒಂದು ಬಾಳೆಹಣ್ಣು. ಮಕ್ಕಳು ಎರಡನ್ನೂ ಬಿಡಿಸುತ್ತಿದ್ದರು. ಗಂಟೆ ಹೊಡೆದ ಮೇಲೆ ಚೆಂಬು ಹೆಡ್ಮಾಷ್ಟ್ರ ಕೋಣೆಗೆ ಹೋಗುತ್ತಿತ್ತು, ಬಾಳೆಹಣ್ಣು ನನ್ನ ಹೊಟ್ಟೆಗೆ. ಹಾಗೆಂದು ನನಗೆ ಕೆಲಸದಲ್ಲಿ ಶ್ರದ್ಧೆ ಇರಲಿಲ್ಲವೆಂದು ತಿಳಿಯಬೇಡಿ. ಆ ಒಂದು ಪಿರಿಯಡ್ ಎಂದರೆ ನನಗೆ ಜೀವ. ಬೇರೆ ಪಾಠಗಳಲ್ಲಿ ಪೆಟ್ಟು ತಿಂದು ಬಂದ ಮಕ್ಕಳು ನನ್ನ ಎದುರು ನಾಲಿಗೆ ಹೊರಗೆ ಹಾಕಿಕೊಂಡು ಗೆರೆ ಎಳೆಯುವುದನ್ನು ನೋಡುವಾಗ ಈ ಲೋಕದಲ್ಲಿ ನಾನೂ ಏನೋ ಮಾಡುತ್ತಿದ್ದೇನೆ ಎಂದು ಸಂತೋಷವಾಗುತ್ತಿತ್ತು.

ಹೀಗಿರುವಾಗ ಶಾಲೆಯ ಮೆನೇಜರು ಮಂಜಪ್ಪ ರೈಗಳು ಒಂದು ದಿನ ಕರೆಸಿದರು. ಶಾಲೆ ಅವರದು, ಶಾಲೆಯ ಜಾಗ ಅವರದು, ಶಾಲೆಯ ಕಿಟಕಿಯಿಂದ ಕಾಣುವ ಗದ್ದೆಯೂ ಅವರದೇ.

"ಮಾಷ್ಟ್ರೇ, ಈ ಚೆಂಬು ಬಿಡಿಸಿ ಮಕ್ಕಳಿಗೆ ಎಂತ ಪ್ರಯೋಜನ? ಕೈಗೆ ತಕಲಿ ಕೊಟ್ಟರೆ ನೂಲಾದರೂ ಬರ್ತದೆ. ಡ್ರಾಯಿಂಗ್ ತೆಗೆದು ಆ ಪಿರಿಯಡಿಗೆ ತಕಲಿ ಹಾಕುವ ಅಂತ ಉಂಟು ನನಗೆ."

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ದಣಿಗಳೇ, ಹೊಸಕ್ಕಿ ಊಟದವರೆಗೆ ತಡೆಯಿರಿ. ನಿಮ್ಮ ಗದ್ದೆಯ ಚಿತ್ರ ಬಿಡಿಸಿ ಚಾವಡಿಯಲ್ಲಿ ತೂಗಿಸ್ತೇನೆ. ಅದನ್ನು ನೋಡಿ ಮತ್ತೆ ಹೇಳಿ."

ಹೊಸ ಬೆಳೆಯ ಅಕ್ಕಿಯಲ್ಲಿ ಮೊದಲ ಊಟ ಮಾಡುವ ಆ ದಿನ ರೈಗಳ ಮನೆಗೆ ನೆಂಟರಿಷ್ಟರೆಲ್ಲ ಸೇರುತ್ತಿದ್ದರು.

"ಗದ್ದೆಯ ಚಿತ್ರ ಯಾಕೆ? ಗದ್ದೆಯೇ ಉಂಟಲ್ಲ ಹೊರಗೆ!"

"ಹೊರಗಿನ ಗದ್ದೆ ಕೊಯ್ಲಿನವರೆಗೆ ದಣಿಗಳೇ. ಚಿತ್ರದ ಗದ್ದೆ ವರ್ಷ ಇಡೀ ಪೈರು!"

ರೈಗಳ ಮುಖ ಅರಳಿತು. ನಾನು ಈ ಜನ್ಮದಲ್ಲಿ ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ. ಅಲ್ಲಿಗೇ ನಿಲ್ಲಿಸಬೇಕಿತ್ತು.

ಮಂಗಳೂರಿನ ಕಡಲ ತೀರದಲ್ಲಿ ಒಬ್ಬರು ಕೊಡೆ ನೆಟ್ಟು, ಹಲಗೆ ನಿಲ್ಲಿಸಿ, ಕಡಲನ್ನೇ ಎದುರಿಗಿಟ್ಟುಕೊಂಡು ಚಿತ್ರ ಬಿಡಿಸುವುದನ್ನು ನಾನು ನೋಡಿದ್ದೆ. ಸುತ್ತ ಜನವೋ ಜನ! ಕಲಾವಿದ ಬೆಳೆಯಬೇಕಾದರೆ ಕೋಣೆ ಬಿಟ್ಟು ಹೊರಗೆ ಬರಬೇಕು ಎಂದು ಅಂದೇ ನಿಶ್ಚಯಿಸಿದ್ದೆ. ಈಗ ಬೆಳೆಯುವ ಕಾಲ ಬಂತು. ಬಿದಿರಿನ ಮೂರು ಕೋಲು ಕಟ್ಟಿ ನಿಲುವು ಮಾಡಿದೆ. ಹಲಗೆಗೆ ದಪ್ಪ ಕಾಗದ ಅಂಟಿಸಿದೆ. ಹೆಗಲಿಗೆ ಜೋಳಿಗೆ ಹಾಕಿಕೊಂಡು ಹೊರಟೆ.

"ಕೊಡೆ ತೆಕ್ಕೊಳ್ಳಿ, ಬಿಸಿಲುಂಟು," ಎಂದಳು ದೇವಕಿ.

"ಪ್ರಕೃತಿಯ ಎದುರು ಕೊಡೆ ಹಿಡಿಯುವವ ನಾನಲ್ಲ," ಎಂದೆ. ಇಂಥ ಮಾತುಗಳಿಗೆ ಅವಳು ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಊರಿನ ಮೇಲುಗಡೆ ಪದವು. ಮರವಿಲ್ಲದ ಬಯಲು; ನೆಲವೆಲ್ಲ ಕೆಂಪು ಮುರಕಲ್ಲು. ಅದರ ಅಂಚಿನಲ್ಲಿ ನಿಂತರೆ ಕೆಳಗೆ ರೈಗಳ ಗದ್ದೆ ಹಳದಿಯಾಗಿ ಹರಡಿಕೊಂಡಿರುವುದು ಕಾಣುತ್ತದೆ. ನಿಜ ಹೇಳುತ್ತೇನೆ, ಆ ಬೆಳಿಗ್ಗೆ ಅದನ್ನು ನೋಡಿ ನನ್ನ ಕಣ್ಣು ತುಂಬಿತು. ದಿನಾ ನೋಡುವ ಗದ್ದೆಯನ್ನು ನಾನು ನೋಡಿಯೇ ಇರಲಿಲ್ಲ. ಒಂದು ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ, ಹೆಬ್ಬೆರಳಿನಲ್ಲಿ ಅಳತೆ ತೆಗೆಯತೊಡಗಿದೆ.

"ಮಾಷ್ಟ್ರೇ, ಕಣ್ಣಿಗೆ ಎಂತ ಆಯ್ತು?"

ತಿರುಗಿ ನೋಡಿದರೆ ಮಮ್ಮದು ಬ್ಯಾರಿ. ತಲೆಯಲ್ಲಿ ಒಣಮೀನಿನ ಬುಟ್ಟಿ. ಊರೂರು ತಿರುಗಿ ಮಾರುವ ಅವನಿಗೆ ನಮ್ಮೂರಿನ ಎಲ್ಲರ ಸಂಗತಿಯೂ ಗೊತ್ತು.

"ಕಣ್ಣಿಗೆ ಏನೂ ಆಗಲಿಲ್ಲ ಮಾರಾಯ. ಗದ್ದೆ ಅಳೆಯುವುದು. ಇಲ್ಲಿಂದ ನೋಡಿದರೆ ಸರಿಯಾಗಿ ಒಂದು ಹೆಬ್ಬೆರಳು."

"ಅಷ್ಟೇಯಾ! ಇದನ್ನು ನೀವು ತಾಲೂಕು ಕಚೇರಿಯಲ್ಲಿ ಹೇಳಿ ಮಾಷ್ಟ್ರೇ. ರೈಗಳು ಸರಕಾರಕ್ಕೆ ಕಟ್ಟುವ ತೀರ್ವೆ ಕಮ್ಮಿ ಆಗ್ತದೆ."

ನಾನು ಗಂಭೀರನಾಗಿ ಬಣ್ಣದ ಪೆಟ್ಟಿಗೆ ಬಿಚ್ಚಿದೆ. ಬುಟ್ಟಿ ಇಳಿಸಿ ಕುಳಿತ ಮಮ್ಮದುವಿನ ಎದುರಲ್ಲೇ ಆಕಾಶ ಬಂತು, ಗುಡ್ಡ ಬಂತು, ಗದ್ದೆಗಳ ನಡುವಿನ ಹುಣಿಗಳು ಬಂದವು. ಗದ್ದೆಗೆ ಹಳದಿ ಹಚ್ಚುವ ಮೊದಲು ಕಲಾವಿದರು ಮಾಡುವ ಒಂದು ಕೆಲಸವಿದೆ. ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, ತಮ್ಮ ಚಿತ್ರವನ್ನು ತಾವೇ ಮೆಚ್ಚಿಕೊಳ್ಳುವುದು. ನಾನೂ ಹಿಂದೆ ಸರಿದೆ.

"ಮಾಷ್ಟ್ರೇ, ಹಿಂದೆ..."

"ಮಾತಾಡಬೇಡ ಮಾರಾಯ, ಏಕಾಗ್ರತೆ ಹಾಳಾಗ್ತದೆ."

"ಅಲ್ಲ ಮಾಷ್ಟ್ರೇ, ಹಿಂದೆ ಹೊಂ..."

"ಶ್!" ಎಂದೆ. ಇನ್ನೊಂದು ಹೆಜ್ಜೆ ಹಿಂದಿಟ್ಟೆ. ನನ್ನ ಚಿತ್ರ ಕಣ್ಣಮುಂದಿನಿಂದ ಮಾಯವಾಯಿತು. ಅದರ ಬದಲಿಗೆ ಬರೀ ಆಕಾಶ!

ಕಲ್ಲು ಕಡಿದುಬಿಟ್ಟ ಹೊಂಡ ಅದು. ಮಳೆನೀರು ಎದೆಮಟ್ಟ ನಿಂತಿದ್ದರಿಂದ ಎಲುಬು ಉಳಿಯಿತು. ಮೇಲೆ ಮಮ್ಮದುವಿನ ಮುಖ ಕಾಣಿಸಿತು.

"ಅದನ್ನೇ ಹೇಳುವಾಂತ ಇದ್ದದ್ದು," ಎಂದ ಅವನು.

ತಲೆಯ ಮುಂಡಾಸು ಬಿಚ್ಚಿ ಇಳಿಬಿಟ್ಟು, ಅವನು ನನ್ನನ್ನು ಬಾವಿಯಿಂದ ಕೊಡಪಾನ ಎಳೆದಂತೆ ಎಳೆದ. ಎರಡು ಸಲ ನಾನು ಅರ್ಧಕ್ಕೆ ಬಂದು ವಾಪಸು ಹೋದೆ. ಅಂತೂ ಮೇಲೆ ಬಂದು ನೋಡಿದರೆ ನನ್ನ ಪೆಟ್ಟಿಗೆಯ ಮುಂದೆ ಒಂದು ಕರು! ಬಿಳಿ ಬಣ್ಣದ ಬಿಲ್ಲೆ ಮುಗಿಸಿ, ಹಳದಿಯ ಬಿಲ್ಲೆಯನ್ನು ನೆಕ್ಕಿ ನೆಕ್ಕಿ ತಗಡು ಹೊಳೆಯುವಂತೆ ಮಾಡಿತ್ತು. ಮಂಗಳೂರಿನ ಬಣ್ಣಕ್ಕೆ ಜೇನುತುಪ್ಪ ಸೇರಿಸುತ್ತಾರಂತೆ. ನನಗೆ ಗೊತ್ತಿರಲಿಲ್ಲ. ಕರುವಿಗೆ ಗೊತ್ತಿತ್ತು.

"ಬೇಜಾರ ಮಾಡಬೇಡಿ," ಎಂದ ಮಮ್ಮದು. "ನಿಮ್ಮ ಗದ್ದೆ ನಿಜದ್ದೇ ಅಂತ ಗ್ರಹಿಸಿ ಬಂದದ್ದಾಗಿರಬೇಕು."

ಆ ಹೊತ್ತಿಗೆ ಈ ಮಾತು ನನಗೆ ದೊಡ್ಡ ಸಮಾಧಾನ ಕೊಟ್ಟಿತು. ಆದರೆ ಕರು ಚಿತ್ರದ ಕಡೆಗೆ ಒಮ್ಮೆಯೂ ತಿರುಗಿ ನೋಡದೆ ಬಾಲ ಎತ್ತಿ ಓಡಿಹೋಯಿತು.

ಮನೆಗೆ ಬಂದಾಗ ದೇವಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀವು ಗದ್ದೆ ಬಿಡಿಸಲಿಕ್ಕೆ ಹೋದದ್ದಾ, ಉಳಲಿಕ್ಕಾ?"

ಹೊಸಕ್ಕಿ ಊಟ ಹತ್ತಿರ ಬಂದಿತ್ತು. ಮಂಗಳೂರಿಗೆ ಹೋಗಿ ಬಣ್ಣ ತರುವಷ್ಟು ಸಮಯವಿಲ್ಲ. ಹಳದಿಯಿಲ್ಲದೆ ಮಾಗಿದ ಗದ್ದೆ ಹೇಗೆ? ಅಡಿಗೆಮನೆಯಲ್ಲಿ ಅತ್ತಿತ್ತ ನಡೆದಾಡುವಾಗ ಥಟ್ಟನೆ ಹೊಳೆಯಿತು. ಅರಸಿನ! ದೇವಕಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಡಬ್ಬಿಯನ್ನೇ ಎತ್ತಿಕೊಂಡು ಹೋದೆ. ಗೇರುಮರದ ಅಂಟಿನಲ್ಲಿ ಕಲಸಿ ಹಚ್ಚಿದೆ. ಏನು ಬಣ್ಣ, ಏನು ಕಳೆ! ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಹೊಸಕ್ಕಿ ಊಟದ ದಿನ ಚಿತ್ರ ರೈಗಳ ಚಾವಡಿಯ ಗೋಡೆ ಏರಿತು. ನೆಂಟರೆಲ್ಲ ಮುತ್ತಿಕೊಂಡರು. ರೈಗಳಂತೂ ಹಿಗ್ಗಿ ಹೀರೇಕಾಯಿಯಾದರು.

"ನನ್ನದೇ ಗದ್ದೆ ಮಾರಾಯ್ರೇ! ಇದು ಯಾವ ಹಳದಿ ಮಾಷ್ಟ್ರೇ?"

"ವಿಲಾಯತಿ ಹಳದಿ ದಣಿಗಳೇ," ಎಂದೆ. ಯಾಕೆ ಹಾಗೆಂದೆನೋ ದೇವರಿಗೇ ಗೊತ್ತು.

"ಡ್ರಾಯಿಂಗ್ ಇರಲಿ. ತಕಲಿಗೆ ಬೇರೆ ಪಿರಿಯಡ್ ನೋಡುವ," ಎಂದರು ರೈಗಳು. ನಾನು ಗೆದ್ದಿದ್ದೆ! ಸೀದಾ ಹೋಗಿ ಎಲೆಯ ಮುಂದೆ ಕುಳಿತುಬಿಡಬೇಕಿತ್ತು. ಅಷ್ಟರಲ್ಲಿ ರೈಗಳ ತಾಯಿ ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಚಿತ್ರವನ್ನು ನೋಡಿದರು.

"ಎಲ್ಲ ಉಂಟು. ಆದರೆ ಒಂದು ಕೊಕ್ಕರೆ ಕೂಡ ಇಲ್ಲವಲ್ಲ ಮಗಾ! ಕೊಕ್ಕರೆ ಇಲ್ಲದ ಗದ್ದೆ ಎಂತ ಗದ್ದೆ?"

ಕೊಕ್ಕರೆಗೆ ಬಿಳಿ ಬೇಕು. ಬಿಳಿ ಇದ್ದದ್ದು ಕರುವಿನ ಹೊಟ್ಟೆಯಲ್ಲಿ. ಆದರೆ ಕಲಾವಿದನಾದವನು ಇಂಥ ಅಡ್ಡಿಗಳಿಗೆಲ್ಲ ಅಂಜುವುದುಂಟೇ? ಚಾವಡಿಯಲ್ಲೇ ವೀಳ್ಯದ ಹರಿವಾಣವಿತ್ತು. ಅದರಲ್ಲಿ ಸುಣ್ಣದ ಡಬ್ಬಿ ಇತ್ತು. ಬೆರಳಿನಲ್ಲಿ ತೆಗೆದು ದಪ್ಪಕ್ಕೆ ಹಚ್ಚಿದೆ. ಒಂದು ಕೊಕ್ಕರೆ ಕೇಳಿದವರಿಗೆ ಒಂದು ಹಿಂಡನ್ನೇ ಕೊಟ್ಟೆ! ದೊಡ್ಡಮ್ಮ "ಚಂದ ಆಯ್ತು ಮಗಾ" ಎಂದರು. ದೊಡ್ಡಮ್ಮನೊಬ್ಬರನ್ನು ಬಿಟ್ಟು ಎಲ್ಲರೂ ಊಟಕ್ಕೆ ಕುಳಿತೆವು.

ಪಾಯಸ ಬಡಿಸುತ್ತಿದ್ದಾಗ ಚಾವಡಿಯಿಂದ ದೊಡ್ಡಮ್ಮನ ಕೂಗು ಕೇಳಿಸಿತು.

ಓಡಿಹೋಗಿ ನೋಡಿದರೆ ಕೊಕ್ಕರೆಗಳ ಕಾಲಡಿಯಲ್ಲಿ ಗದ್ದೆ ಕೆಂಪಾಗಿತ್ತು. ಕೊಕ್ಕರೆಗಳ ಹೊಟ್ಟೆಯೂ ಕೆಂಪಾಗಿತ್ತು. ದೊಡ್ಡಮ್ಮ ದೇವರ ಕೋಣೆಯಿಂದ ತೀರ್ಥ ತಂದು ಚಿತ್ರದ ಮೇಲೆ ಎರಚಿದರು. ಕೊಕ್ಕರೆಗಳು ಕರಗಿ ಇಳಿದವು. ಅವು ಇಳಿದಲ್ಲೆಲ್ಲ ಕೆಂಪು! ನೋಡುತ್ತಿದ್ದಂತೆ ರೈಗಳ ಗದ್ದೆ ಪೂರ್ತಿ ರಕ್ತದ ಮಡುವಾಯಿತು.

ನಾನು ಎಲ್ಲರಿಗಿಂತ ಹೆಚ್ಚು ಹೆದರಿದೆ. ಕೈ ಮುಗಿದೆ ಕೂಡ.

ಕವಡೆ ಹಾಕಿ ಪ್ರಶ್ನೆ ನೋಡುವ ಬಲ್ಯಾಯರು ಅಂದಿನ ಅತಿಥಿಗಳಲ್ಲಿ ಒಬ್ಬರು. ರೈಗಳು ಅವರ ಕೈಹಿಡಿದು, "ಈಗಲೇ ನೋಡಬೇಕು," ಎಂದರು. ದೀಪ ಹಚ್ಚಿದರು, ಮಣೆ ಹಾಕಿದರು. ಬಲ್ಯಾಯರು ಕವಡೆ ಹರಡಿ, ಎಣಿಸಿ, ಕಣ್ಣು ಮುಚ್ಚಿದರು.

"ದೈವಕ್ಕೆ ಅಸಮಾಧಾನ ಉಂಟು. ಚಿತ್ರದ ಮೂಲಕ ತೋರಿಸಿಕೊಟ್ಟದ್ದು. ಈ ಚಿತ್ರ ಬಿಡಿಸುವ ಕೆಲಸ ನಿಮ್ಮ ಜಾಗಕ್ಕೆ ಆಗುವುದಿಲ್ಲ."

"ನಾಳೆಯಿಂದಲೇ ಡ್ರಾಯಿಂಗ್ ಬಂದ್!" ಎಂದರು ರೈಗಳು.

ಹೆಂಗಸರ ಪಂಕ್ತಿಯಿಂದ ಎದ್ದುಬಂದ ದೇವಕಿ ಆಗ ಚಿತ್ರದ ಹತ್ತಿರ ಹೋಗಿ ಮೂಸಿ ನೋಡಿದಳು. ಮತ್ತೆ ನನ್ನ ಕಿವಿಯ ಬಳಿ ಬಂದಳು.

"ಅರಸಿನಕ್ಕೆ ಸುಣ್ಣ ತಾಗಿಸಿದ್ರಾ?"

"ಹೌದು. ಯಾಕೆ?"

"ಆರತಿಯ ನೀರು ಕೆಂಪಾಗುವುದು ಎಂತದರಲ್ಲಿ?"

ಅಯ್ಯೋ! ಅರಸಿನಕ್ಕೆ ಸುಣ್ಣ ಕಲಸಿದರೆ ಕೆಂಪಾಗುತ್ತದೆಂದು ನಮ್ಮ ಕಡೆಯಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ನನ್ನ ಮದುವೆಯಲ್ಲೇ ನನಗೆ ಆ ನೀರಿನಲ್ಲಿ ಆರತಿ ಎತ್ತಿದ್ದರು. ಮಾನ ಹೋದರೆ ಹೋಗಲಿ, ಪಿರಿಯಡ್ ಉಳಿಯಲಿ ಎಂದು ಗಂಟಲು ಸರಿಮಾಡಿಕೊಂಡೆ.

"ದಣಿಗಳೇ, ಇದು ರಕ್ತ ಅಲ್ಲ. ದೈವವೂ ಅಲ್ಲ. ವಿಲಾಯತಿ ಹಳದಿ ಅಂದದ್ದು ಸುಳ್ಳು, ಅದು ನಮ್ಮ ಅಡಿಗೆಮನೆಯ ಅರಸಿನ. ಕೊಕ್ಕರೆ ನಿಮ್ಮ ಹರಿವಾಣದ ಸುಣ್ಣ. ಎರಡೂ ಸೇರಿ ಕೆಂಪಾದದ್ದು."

ಎಲ್ಲರೂ "ಹೋ!" ಎಂದರು. ಇನ್ನೇನು ಬಚಾವಾದೆ ಎನ್ನುವಾಗ ಬಲ್ಯಾಯರು ಕೈ ಎತ್ತಿದರು.

"ಸರಿ. ಆದರೆ ಅರಸಿನ, ಸುಣ್ಣದ ವಿಷಯ ಎಲ್ಲರಿಗೂ ಗೊತ್ತುಂಟು. ನಿಮಗೂ ಗೊತ್ತುಂಟು ಅಲ್ಲವಾ ಮಾಷ್ಟ್ರೇ?"

"ಉಂಟು."

"ಕಲಿತವರು ನೀವು, ಮಕ್ಕಳಿಗೆ ಕಲಿಸುವವರು. ನಿಮಗೆ ಆ ಹೊತ್ತಿಗೆ ಸರಿಯಾಗಿ ಮರೆತುಹೋದದ್ದು ಯಾಕೆ? ಯಾರು ಮರೆಸಿದ್ದು? ಅದಲ್ಲವಾ ಪ್ರಶ್ನೆ!"

ಚಾವಡಿ ಮತ್ತೆ ಗಂಭೀರವಾಯಿತು. ರೈಗಳು ತಲೆಯಾಡಿಸಿದರು. "ಹೌದು ಹೌದು. ಸ್ವಂತದಲ್ಲಿ ಒಬ್ಬ ಅಷ್ಟು ದಡ್ಡ ಆಗಲಿಕ್ಕೆ ಸಾಧ್ಯ ಇಲ್ಲ."

ನನ್ನ ಅವಸ್ಥೆ ನೋಡಿ! ನಾನು ಬುದ್ಧಿವಂತನಾದರೆ ಡ್ರಾಯಿಂಗ್ ಹೋಯಿತು. ಡ್ರಾಯಿಂಗ್ ಉಳಿಯಬೇಕಾದರೆ ದೈವದ ಸಹಾಯವಿಲ್ಲದೆ, ಸ್ವಂತ ಸಾಮರ್ಥ್ಯದಿಂದಲೇ ನಾನು ದಡ್ಡನೆಂದು ತುಂಬಿದ ಸಭೆಯಲ್ಲಿ ಸಾಧಿಸಬೇಕು.

"ಸಾಧ್ಯ ಉಂಟು ದಣಿಗಳೇ!" ಎಂದೆ. ಯಾರೂ ನಂಬಲಿಲ್ಲ.

ಆಗ ದೇವಕಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಬಲ್ಯಾಯರೇ, ಸುಮ್ಮನೆ ದೈವದ ಮೇಲೆ ಹಾಕಬೇಡಿ. ಇವರಿಗೆ ಮರೆಯಲಿಕ್ಕೆ ಯಾರ ಸಹಾಯವೂ ಬೇಡ. ನಾನು ಅಗಲ್ಪಾಡಿಯ ತವರುಮನೆಯಲ್ಲಿದ್ದಾಗ ನನ್ನನ್ನು ಕರಕೊಂಡು ಹೋಗಲಿಕ್ಕೆ ಅಂತ ಬಂದರು. ಊಟ ಮಾಡಿದರು. ಎಲೆ ಅಡಿಕೆ ಹಾಕಿ ಒಬ್ಬರೇ ವಾಪಸು ಹೋದರು!"

ಬಲ್ಯಾಯರು ಹುಬ್ಬೇರಿಸಿದರು.

"ಬ್ರಷ್ ತೊಳೆದ ನೀರು ಕುಡಿದು, ಕಾಪಿಗೆ ಬೆಲ್ಲ ಕಮ್ಮಿ ಆಯ್ತು ಅಂದವರು ಇವರು. ಕೊಡೆ ಬಿಡಿಸಿ ಹಿಡಿದುಕೊಂಡೇ ಮನೆಯಿಡೀ ಕೊಡೆ ಹುಡುಕಿದವರು."

ಊಟಕ್ಕೆಂದು ಬಂದು ಜಗಲಿಯಲ್ಲಿ ಕುಳಿತಿದ್ದ ಮಮ್ಮದುವಿನ ಸ್ವರ ಕೇಳಿಸಿತು. "ಹೊಂಡ ಉಂಟು ಅಂತ ಹೇಳುವಾಗ ನನ್ನನ್ನು ಸುಮ್ಮನಿರಿಸಿ ಬಿದ್ದವರು ದಣಿಗಳೇ!"

ಒಬ್ಬೊಬ್ಬರಿಗೂ ಒಂದೊಂದು ನೆನಪಾಗತೊಡಗಿತು. ನನಗೇ ಗೊತ್ತಿಲ್ಲದ ಎಷ್ಟೋ ಸಂಗತಿಗಳು ಅಂದು ಹೊರಗೆ ಬಂದವು. ನಾನು ಎಲ್ಲದಕ್ಕೂ "ಹೌದು, ಹೌದು" ಎಂದು ಒಪ್ಪಿಕೊಳ್ಳುತ್ತಿದ್ದೆ. ದೇವಕಿ ಮಾತ್ರ ಹೇಳುತ್ತಲೇ ಇದ್ದಳು. ಅವಳ ಮುಖದಲ್ಲಿ ಅಷ್ಟು ಉತ್ಸಾಹವನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

ಬಲ್ಯಾಯರು ನ್ಯಾಯವಂತರು. ಕವಡೆಗಳನ್ನು ಬಾಚಿ ತೆಗೆದು ಮತ್ತೊಮ್ಮೆ ಹಾಕಿದರು. ಎಣಿಸಿದರು. ನನ್ನನ್ನು ನೋಡಿದರು. ಪುನಃ ಎಣಿಸಿದರು.

"ದೈವದ್ದು ಎಂತದೂ ಕಾಣುವುದಿಲ್ಲ," ಎಂದರು. "ಇದು ಮಾಷ್ಟ್ರದ್ದು ಹುಟ್ಟುಗುಣ."

ದೊಡ್ಡಮ್ಮ ನಿಟ್ಟುಸಿರು ಬಿಟ್ಟರು. ರೈಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸುಸ್ತಾದ ಮೇಲೆ ನನ್ನ ಬೆನ್ನು ತಟ್ಟಿದರು.

"ಡ್ರಾಯಿಂಗ್ ಇರಲಿ ಮಾಷ್ಟ್ರೇ. ನಿಮ್ಮ ಕೈಗೆ ತಕಲಿ ಕೊಡಲಿಕ್ಕೆ ನನಗೆ ಧೈರ್ಯ ಇಲ್ಲ. ಅದಕ್ಕೆ ಮೊನೆ ಉಂಟು."

ಹೀಗೆ ನನ್ನ ಪಿರಿಯಡ್ ಉಳಿಯಿತು. ಕಲಾವಿದನಾಗಿ ನಾನು ಎಷ್ಟು ಬೆಳೆದೆನೋ ಗೊತ್ತಿಲ್ಲ, ಹೆಸರಂತೂ ಕುಂಬ್ಡಾಜೆಯವರೆಗೆ ಬೆಳೆಯಿತು. ನಮ್ಮ ಸೀಮೆಯಲ್ಲಿ ದಡ್ಡರಿಗೆ ಬರಗಾಲವಿಲ್ಲ. ಆದರೆ ಅವರನ್ನೆಲ್ಲ ದಡ್ಡರೆಂದದ್ದು ಬರೀ ಜನ. ದೀಪ ಹಚ್ಚಿ, ಮಣೆ ಹಾಕಿ, ಕವಡೆ ಎಣಿಸಿ, ದೈವವೇ ಕೈತೊಳೆದುಕೊಂಡು ದಡ್ಡನೆಂದು ತೀರ್ಮಾನಿಸಿದ್ದು ನನ್ನೊಬ್ಬನನ್ನೇ!